ಶುಶ್ರೂಷೆ ಬೇಕು, ಶುಶ್ರೂಷಕಿ ಬೇಡವೇ?

(ಹೆತ್ತವರಿಗಾಗಿ ಮತ್ತು ಪಿಯುಸಿ ಮುಗಿಸಿದ ವಿದ್ಯಾರ್ಥಿನಿಯರಿಗಾಗಿ ಏರ್ಪಡಿಸಲಾದ ಸಭೆಯೊಂದರಲ್ಲಿ ಹಿರಿಯ ಶುಶ್ರೂಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಆಸ್ಪತ್ರೆಯಲ್ಲಿ ಕೆಲಸ ಮಾಡುವುದೆಂದರೆ ಏನು ಎಂಬುದರ ಕುರಿತು ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದಾರೆ. ಇಲ್ಲಿರುವವರಲ್ಲಿ ಆಸ್ಪತ್ರೆಯನ್ನು ಕಾಣದವರು ಯಾರೂ ಇರಲಾರರು. ಮಗಳ ಹೆರಿಗೆಗೆ, ತಾಯಿಯ ಸಕ್ಕರೆ ಕಾಯಿಲೆಗೆ, ತಂದೆಯ ಎದೆನೋವಿಗೆ ನಾವೆಲ್ಲರೂ ಅದರ ಮೆಟ್ಟಿಲು ಹತ್ತಿದವರೇ. ಆದರೆ ಹಾಸಿಗೆಯ ಮೇಲೆ ಮಲಗಿ ಕಾಣುವ ಆಸ್ಪತ್ರೆ ಬೇರೆ, ಹಾಸಿಗೆಯ ಪಕ್ಕದಲ್ಲಿ ನಿಂತು ಕಾಣುವ ಆಸ್ಪತ್ರೆ ಬೇರೆ. ನಾನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಾಸಿಗೆಯ ಪಕ್ಕದಲ್ಲಿ ನಿಂತವಳು. ಮೊದಲು ಖಾಸಗಿ ಆಸ್ಪತ್ರೆಗಳಲ್ಲಿ, ಆನಂತರ ಸರಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ, ತುರ್ತು ಚಿಕಿತ್ಸಾ ವಿಭಾಗದಲ್ಲಿ ಮತ್ತು ಹೆರಿಗೆ ವಿಭಾಗದಲ್ಲಿ ದುಡಿದಿದ್ದೇನೆ. ನನ್ನ ಮಾತಿಗೆ ಈ ಅನುಭವವೇ ಆಧಾರ.

ಈ ವರ್ಷಗಳಲ್ಲಿ ನಮ್ಮ ಸಮುದಾಯದವರಿಂದ ಎರಡು ಮಾತುಗಳನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತು, "ಲೇಡಿ ಸ್ಟಾಫ್ ಇದ್ದಾರೆಯೇ? ನಮ್ಮ ಹೆಂಗಸರನ್ನು ಹೆಂಗಸರೇ ನೋಡಬೇಕು" ಎನ್ನುತ್ತೇವೆ. ಅದು ನ್ಯಾಯವಾದ ಬೇಡಿಕೆ. ಮನೆಯ ಜಗಲಿಯಲ್ಲಿ ಕುಳಿತಾಗ, "ಹುಡುಗಿ ನರ್ಸ್ ಅಂತೆ, ರಾತ್ರಿ ಡ್ಯೂಟಿಯೂ ಇದೆಯಂತೆ, ಈ ಸಂಬಂಧ ಬೇಡ" ಎನ್ನುತ್ತೇವೆ. ಈ ಎರಡು ಮಾತುಗಳನ್ನು ಒಂದೇ ನಾಲಿಗೆ ಹೇಗೆ ಆಡಬಲ್ಲದು? ನಾವೆಲ್ಲ ಕೂಡಿ ಉತ್ತರಿಸಬೇಕಾದ ಪ್ರಶ್ನೆ ಇದು.

ಕಾಣದ ಕೈಗಳು

ಆಸ್ಪತ್ರೆಯೆಂದರೆ ವೈದ್ಯರು ಎಂದು ನಾವು ತಿಳಿದಿದ್ದೇವೆ. ವೈದ್ಯರಿಲ್ಲದೆ ಆಸ್ಪತ್ರೆಯಿಲ್ಲ, ನಿಜ. ಆದರೆ ಒಂದು ಸಿಸೇರಿಯನ್ ಹೆರಿಗೆಯ ಹಿಂದೆ ಎಷ್ಟು ಕೈಗಳಿವೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಕತ್ತರಿ, ಚಿಮಟಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಆಟೋಕ್ಲೇವ್ ಯಂತ್ರದಲ್ಲಿ ನೂರಿಪ್ಪತ್ತು ಡಿಗ್ರಿಗೂ ಮೀರಿದ ಉಗಿಯ ಶಾಖದಲ್ಲಿ ಕ್ರಿಮಿಮುಕ್ತಗೊಳಿಸುವವರು ಒಬ್ಬರು. ರಕ್ತನಿಧಿಯಲ್ಲಿ ತಾಯಿಯ ರಕ್ತದೊಂದಿಗೆ ದಾನಿಯ ರಕ್ತ ಹೊಂದುತ್ತದೆಯೇ ಎಂದು ಪರೀಕ್ಷಿಸುವವರು ಇನ್ನೊಬ್ಬರು. ಅರಿವಳಿಕೆ ತಜ್ಞರು, ಶಸ್ತ್ರಚಿಕಿತ್ಸಾ ಕೊಠಡಿಯ ತಂತ್ರಜ್ಞರು, ಆಮ್ಲಜನಕದ ಕೊಳವೆಯನ್ನು ನೋಡಿಕೊಳ್ಳುವವರು, ರಕ್ತಸಿಕ್ತವಾದ ಬಟ್ಟೆಯನ್ನು ಒಗೆಯುವವರು, ನೆಲ ಒರೆಸುವ ಆಯಾ, ಗಾಲಿಮಂಚ ತಳ್ಳುವ ವಾರ್ಡ್ ಬಾಯ್. ಇವರಲ್ಲಿ ಒಬ್ಬರು ತಪ್ಪಿದರೂ ತಾಯಿ ಮಗುವಿನ ಜೀವಕ್ಕೆ ಅಪಾಯ. ಸಿಹಿ ಹಂಚುವಾಗ ಮಾತ್ರ ಇವರಲ್ಲಿ ಹೆಚ್ಚಿನವರ ನೆನಪು ನಮಗಾಗುವುದಿಲ್ಲ.

ಆಸ್ಪತ್ರೆಯ ಕಸದ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ 1998ರಲ್ಲಿ ವೈದ್ಯಕೀಯ ತ್ಯಾಜ್ಯದ ಬಗ್ಗೆ ನಿಯಮಗಳು ಬಂದವು, 2016ರಲ್ಲಿ ಅವುಗಳ ಬದಲಿಗೆ ಹೊಸ ನಿಯಮಗಳು ಬಂದವು. ಹಳದಿ, ಕೆಂಪು, ಬಿಳಿ, ನೀಲಿ ಎಂದು ನಾಲ್ಕು ಬಣ್ಣಗಳ ವ್ಯವಸ್ಥೆ. ರಕ್ತ ತಾಗಿದ ಹತ್ತಿ ಹಳದಿಗೆ, ಪ್ಲಾಸ್ಟಿಕ್ ನಳಿಕೆಗಳು ಕೆಂಪಿಗೆ, ಸೂಜಿಗಳು ಚುಚ್ಚಿ ಹೊರಬಾರದಂತಹ ಬಿಳಿಯ ಡಬ್ಬಿಗೆ, ಗಾಜು ನೀಲಿಗೆ. ಯಾರೋ ಅವಸರದಲ್ಲಿ ಸೂಜಿಯೊಂದನ್ನು ತಪ್ಪು ಚೀಲಕ್ಕೆ ಹಾಕಿದರೆ ಅದು ಚುಚ್ಚುವುದು ವೈದ್ಯರಿಗಲ್ಲ, ಚೀಲ ಹೊರುವ ಗುತ್ತಿಗೆಯ ಹೆಣ್ಣುಮಗಳಿಗೆ. ಹೆಪಟೈಟಿಸ್ ಬಿ ಮತ್ತು ಎಚ್‌ಐವಿಯಂತಹ ರೋಗಗಳು ಒಂದು ಸೂಜಿಯ ಮೊನೆಯಲ್ಲಿ ಬರಬಲ್ಲವು. ನೀವು ಕಿಟಕಿಯಿಂದ ಹೊರಗೆ ಎಸೆಯುವ ಇನ್ಸುಲಿನ್ ಸೂಜಿಗೂ ಇದೇ ಮಾತು ಅನ್ವಯಿಸುತ್ತದೆ.

ಒಂದು ಪಾಳಿಯೆಂದರೆ

ನಮ್ಮಲ್ಲಿ ಬೆಳಗ್ಗೆ ಎಂಟು ಗಂಟೆಗೆ ಪಾಳಿ ಬದಲಾಗುತ್ತದೆ. ರಾತ್ರಿಯ ದಾದಿ ಪ್ರತಿ ಹಾಸಿಗೆಯ ಬಳಿ ನಿಂತು ಬೆಳಗಿನ ದಾದಿಗೆ ರೋಗಿಯನ್ನು ವಹಿಸಿಕೊಡುತ್ತಾಳೆ. ಯಾರಿಗೆ ಜ್ವರ ಏರಿತ್ತು, ಯಾರು ಮೂತ್ರ ಮಾಡಿಲ್ಲ, ಯಾರ ಡ್ರಿಪ್ ನಿಧಾನವಾಗಿದೆ, ಯಾರು ರಾತ್ರಿಯಿಡೀ ಅತ್ತರು. ಇದೊಂದು ಅಮಾನತ್. ಇದರಲ್ಲಿ ಒಂದು ಮಾತು ಬಿಟ್ಟುಹೋದರೂ ಮುಂದಿನ ಪಾಳಿಯಲ್ಲಿ ರೋಗಿಗೆ ತೊಂದರೆಯಾಗುತ್ತದೆ.

ಅಲ್ಲಿಂದ ಔಷಧಿಯ ಸರದಿ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ಸಂಗತಿಗಳನ್ನು ಪ್ರತಿ ಸಲವೂ ಖಚಿತಪಡಿಸಿಕೊಳ್ಳಬೇಕು. "ಬೆಳಗ್ಗಿನಿಂದ ನಾಲ್ಕು ಸಲ ಹೆಸರು ಕೇಳಿದಿರಿ, ನಿಮಗೆ ಮರೆವೇ?" ಎಂದು ಕೆಲವರು ಸಿಡುಕುತ್ತಾರೆ. ನಮ್ಮ ಊರುಗಳ ಒಂದೇ ವಾರ್ಡಿನಲ್ಲಿ ಇಬ್ಬರು ಫಾತಿಮಾ, ಮೂವರು ಮುಹಮ್ಮದ್ ಇರುವುದು ಅಪರೂಪವಲ್ಲ. ಒಬ್ಬ ಫಾತಿಮಾಳಿಗೆ ಕೊಡಬೇಕಾದ ಇನ್ಸುಲಿನ್ ಇನ್ನೊಬ್ಬ ಫಾತಿಮಾಳಿಗೆ ಹೋದರೆ ಏನಾಗುತ್ತದೆ ಎಂಬುದನ್ನು ಯೋಚಿಸಿ. ಆದ್ದರಿಂದ ಹೆಸರು, ತಂದೆಯ ಅಥವಾ ಗಂಡನ ಹೆಸರು, ಕೈಯಲ್ಲಿರುವ ಪಟ್ಟಿಯ ಸಂಖ್ಯೆ ಎಲ್ಲವನ್ನೂ ಪ್ರತಿ ಸಲ ಕೇಳುವ ದಾದಿಯೇ ಒಳ್ಳೆಯ ದಾದಿ.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐವರು ರೋಗಿಗಳಿಗೆ ಒಬ್ಬರು, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು, ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬರು ದಾದಿ ಇರಬೇಕು. ನಾನು ದುಡಿದ ವಾರ್ಡೊಂದರಲ್ಲಿ ಮೂವತ್ತು ಹಾಸಿಗೆಗಳಿದ್ದವು. ಮಳೆಗಾಲದಲ್ಲಿ ಡೆಂಗಿ ಜ್ವರ ಹಬ್ಬಿದಾಗ ನೆಲದ ಮೇಲೂ ರೋಗಿಗಳಿರುತ್ತಿದ್ದರು. ರಾತ್ರಿ ಪಾಳಿಗೆ ನಾವಿದ್ದುದು ಇಬ್ಬರು. ಕರೆದ ಕೂಡಲೇ ದಾದಿ ಬರಲಿಲ್ಲ ಎಂದು ದೂರುವ ಮುನ್ನ, ಆ ಹೊತ್ತಿನಲ್ಲಿ ಅವಳು ಯಾರ ಉಸಿರನ್ನು ಹಿಡಿದಿಡಲು ಹೆಣಗುತ್ತಿದ್ದಳು ಎಂದು ಒಮ್ಮೆ ಕೇಳಬಾರದೇ?

ರಮಝಾನಿನ ಸಂಜೆ ಅನೇಕ ಸಲ ನಾನು ಮೇಲಂಗಿಯ ಜೇಬಿನಲ್ಲಿದ್ದ ಖರ್ಜೂರದಿಂದ ಉಪವಾಸ ತೊರೆದಿದ್ದೇನೆ. "ನೀನು ಹೋಗಿ ನಮಾಝ್ ಮುಗಿಸಿ ಬಾ, ವಾರ್ಡನ್ನು ನಾವು ನೋಡಿಕೊಳ್ಳುತ್ತೇವೆ" ಎಂದು ನನ್ನನ್ನು ಕಳುಹಿಸಿದವರು ಕ್ರೈಸ್ತ ಮತ್ತು ಹಿಂದೂ ಸಹೋದ್ಯೋಗಿಗಳು. ಕ್ರಿಸ್‌ಮಸ್ ಮತ್ತು ದೀಪಾವಳಿಯ ದಿನ ಅವರ ಪಾಳಿಯನ್ನು ನಾವು ವಹಿಸಿಕೊಳ್ಳುತ್ತಿದ್ದೆವು. ಈ ನಾಡಿನಲ್ಲಿ ಸೌಹಾರ್ದದ ಕುರಿತು ಎಷ್ಟೋ ಭಾಷಣಗಳಾಗುತ್ತವೆ. ಆಸ್ಪತ್ರೆಗಳಲ್ಲಿ ಅದು ಪಾಳಿಪಟ್ಟಿಯಲ್ಲೇ ಬರೆದಿರುತ್ತದೆ.

ತುರ್ತು ವಿಭಾಗದಲ್ಲಿ ಸಿಟ್ಟು

ಜನರ ಸಿಟ್ಟು ಹೆಚ್ಚಾಗಿ ಸ್ಫೋಟಿಸುವುದು ತುರ್ತು ಚಿಕಿತ್ಸಾ ವಿಭಾಗದಲ್ಲಿ. "ನಾವು ಮೊದಲು ಬಂದೆವು, ಅವರನ್ನೇಕೆ ಮೊದಲು ನೋಡಿದಿರಿ?" ಎಂಬುದು ಸಾಮಾನ್ಯ ಪ್ರಶ್ನೆ. ಪಡಿತರ ಅಂಗಡಿಯ ಸಾಲಿನ ನಿಯಮ ತುರ್ತು ವಿಭಾಗಕ್ಕಿಲ್ಲ. ಯಾರ ಜೀವ ಕ್ಷಣದಲ್ಲಿ ಹೋಗಬಹುದೋ ಅವರು ಕೆಂಪು, ಸ್ವಲ್ಪ ಕಾಯಬಲ್ಲವರು ಹಳದಿ, ನಡೆದು ಬರಬಲ್ಲವರು ಹಸಿರು ಎಂದು ಅಲ್ಲಿ ವಿಂಗಡಿಸಲಾಗುತ್ತದೆ. ಜೋರಾಗಿ ಅರಚುವ ರೋಗಿ ಉಸಿರಾಡುತ್ತಿದ್ದಾನೆ ಎಂಬುದು ನಮಗೆ ಆ ಅರಚಾಟದಿಂದಲೇ ಗೊತ್ತಾಗುತ್ತದೆ. ಮೂಲೆಯಲ್ಲಿ ಮೌನವಾಗಿ ಬೆವರುತ್ತಿರುವ ವೃದ್ಧರ ಬಗ್ಗೆಯೇ ನಮಗೆ ಹೆಚ್ಚು ಭಯ.

ಇದನ್ನು ತಿಳಿಯದ ಜನ ಕೈ ಎತ್ತುತ್ತಾರೆ, ಗಾಜು ಒಡೆಯುತ್ತಾರೆ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು 2009ರಲ್ಲಿಯೇ ಕಾಯ್ದೆ ಬಂದಿದೆ. ಅದರಡಿ ಇದು ಜಾಮೀನುರಹಿತ ಅಪರಾಧ. ಒಡೆದ ಉಪಕರಣಕ್ಕೆ ಅದರ ಬೆಲೆಯ ಎರಡು ಪಟ್ಟು ತೆರಬೇಕಾಗುತ್ತದೆ. ಆದರೆ ವಿಶ್ವಾಸಿಗೆ ಕಾಯ್ದೆಯ ಭಯಕ್ಕಿಂತ ದೊಡ್ಡ ತಡೆಯೊಂದು ಇರಬೇಕು. ಸಾವು ಅಲ್ಲಾಹನ ವಿಧಿ ಎಂದು ಕಬರಸ್ತಾನದಲ್ಲಿ ಹೇಳುವ ನಾವು, ತುರ್ತು ವಿಭಾಗದಲ್ಲಿ ಅದನ್ನು ದಾದಿಯ ಕೊರಳಿಗೆ ಕಟ್ಟಬಹುದೇ? ಕರ್ತವ್ಯಲೋಪವಾಗಿದ್ದರೆ ಲಿಖಿತ ದೂರು ಕೊಡಿ, ಚಿಕಿತ್ಸೆಯ ದಾಖಲೆಗಳ ಪ್ರತಿ ಕೇಳಿ, ವೈದ್ಯಕೀಯ ಪರಿಷತ್ತಿಗೆ ಅಥವಾ ಗ್ರಾಹಕ ನ್ಯಾಯಾಲಯಕ್ಕೆ ಹೋಗಿ. ಅದು ನಿಮ್ಮ ಹಕ್ಕು. ಕೈ ಎತ್ತುವುದು ಯಾರ ಹಕ್ಕೂ ಅಲ್ಲ.

ಹೆಣ್ಣುಮಕ್ಕಳ ತಂದೆತಾಯಿಯರು ರಾತ್ರಿ ಪಾಳಿಯ ಸುರಕ್ಷತೆಯ ಬಗ್ಗೆ ಕೇಳುತ್ತಾರೆ. ಆ ಆತಂಕ ನ್ಯಾಯವಾದುದು. 2024ರ ಆಗಸ್ಟ್ 9ರಂದು ಕೊಲ್ಕತ್ತಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೊಂದರಲ್ಲಿ, ಕರ್ತವ್ಯದ ಮೇಲಿದ್ದ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆ ನಡೆಯಿತು. ದೇಶದಾದ್ಯಂತ ವೈದ್ಯರು ಬೀದಿಗಿಳಿದರು, ಸುಪ್ರೀಂ ಕೋರ್ಟು ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು. ಮೂವತ್ತಾರು ಗಂಟೆಗಳ ದುಡಿಮೆಯ ಬಳಿಕ ತಲೆಯೊರಗಿಸಲು ಬಾಗಿಲು ಭದ್ರವಾಗಿರುವ ಒಂದು ಕೋಣೆಯಿಲ್ಲ ಎಂಬ ಸತ್ಯವನ್ನು ದೇಶ ಅಂದು ಕಂಡಿತು. ಇದಕ್ಕೆ ಪರಿಹಾರವಾಗಿ ಹೆಣ್ಣುಮಕ್ಕಳನ್ನು ಆಸ್ಪತ್ರೆಯಿಂದ ಹಿಂದಕ್ಕೆ ಕರೆದರೆ ರಾತ್ರಿಯಲ್ಲಿ ಹೆರುವ ತಾಯಂದಿರ ಗತಿಯೇನು? ಪ್ರತ್ಯೇಕ ವಿಶ್ರಾಂತಿ ಕೋಣೆ, ಬೆಳಕು, ಕಾವಲು, ಮನೆಗೆ ಬಿಡುವ ವಾಹನ, ದೂರು ಕೇಳುವ ಆಂತರಿಕ ಸಮಿತಿ, ಇವುಗಳಿಗಾಗಿ ನಾವು ಹೋರಾಡಬೇಕು. ಮಗಳನ್ನು ಕೆಲಸಕ್ಕೆ ಸೇರಿಸುವ ತಂದೆ ಸಂಬಳ ಎಷ್ಟು ಎಂದು ಕೇಳುವ ಮುನ್ನ ಈ ಐದನ್ನು ಕೇಳಲಿ.

ಬೆವರಿನ ಬೆಲೆ

ಸಂಬಳದ ಮಾತನ್ನೂ ಆಡಲೇಬೇಕು. ಖಾಸಗಿ ಆಸ್ಪತ್ರೆಗಳ ದಾದಿಯರ ಶೋಷಣೆಯ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 2016ರ ಜನವರಿಯಲ್ಲಿ ಕೋರ್ಟು ತಜ್ಞರ ಸಮಿತಿ ರಚಿಸಲು ಕೇಂದ್ರ ಸರಕಾರಕ್ಕೆ ಆದೇಶಿಸಿತು. ಆ ಸಮಿತಿಯ ಶಿಫಾರಸು ಹೀಗಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ಸರಕಾರಿ ದಾದಿಗೆ ಸಮನಾದ ವೇತನ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇಕಡಾ 10ರಷ್ಟು ಮಾತ್ರ ಕಡಿಮೆ, 50ರಿಂದ 100 ಹಾಸಿಗೆಗಳಿದ್ದರೆ ಶೇಕಡಾ 25ರಷ್ಟು ಮಾತ್ರ ಕಡಿಮೆ, 50ಕ್ಕಿಂತ ಕಡಿಮೆಯಿದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು. ಈ ಶಿಫಾರಸು ಬಂದು ಇಷ್ಟು ವರ್ಷಗಳಾದರೂ ಸಣ್ಣ ಊರುಗಳ ಎಷ್ಟೋ ದಾದಿಯರಿಗೆ ಆ ಮೊತ್ತ ಕೈಗೆಟುಕಿಲ್ಲ. ನಾನು ಮೊದಲು ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ನನ್ನ ಮೂಲ ಪ್ರಮಾಣಪತ್ರಗಳನ್ನು ಆಡಳಿತದವರು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಎರಡು ವರ್ಷ ಮುಗಿಯುವ ಮುನ್ನ ಬಿಟ್ಟುಹೋಗಬಾರದೆಂಬ ಮುಚ್ಚಳಿಕೆಯನ್ನೂ ಬರೆಸಿಕೊಂಡಿದ್ದರು.

ಇದನ್ನು ಹೇಳುವಾಗ ಬೆರಳನ್ನು ಹೊರಗಿನವರ ಕಡೆಗೆ ಮಾತ್ರ ತೋರಿಸುವಂತಿಲ್ಲ. ನಮ್ಮ ಸಮುದಾಯದವರೂ ಇಂದು ಆಸ್ಪತ್ರೆಗಳನ್ನು, ನರ್ಸಿಂಗ್ ಕಾಲೇಜುಗಳನ್ನು ನಡೆಸುತ್ತಿದ್ದಾರೆ. ಅಲ್ಹಮ್ದುಲಿಲ್ಲಾಹ್, ಇದು ಹೆಮ್ಮೆಯ ವಿಷಯ. ಕಾರ್ಮಿಕನ ಬೆವರು ಮತ್ತು ವೇತನದ ಕುರಿತಾದ ಪ್ರವಾದಿ(ಸ)ರ ಉಪದೇಶವನ್ನು ಮಿಂಬರಿನಿಂದ ನಾವು ಎಷ್ಟು ಸಲ ಕೇಳಿಲ್ಲ! ಆ ಉಪದೇಶ ನಮ್ಮ ಆಸ್ಪತ್ರೆಗಳ ವೇತನ ಪಟ್ಟಿಯಲ್ಲಿ ಕಾಣುತ್ತದೆಯೇ? ಬಡ ರೋಗಿಗೆ ರಿಯಾಯಿತಿ ಕೊಡುವುದು ಪುಣ್ಯದ ಕಾರ್ಯ. ಆದರೆ ಆ ರಿಯಾಯಿತಿಯನ್ನು ದಾದಿಯ ಸಂಬಳದಿಂದ ಕಡಿತಗೊಳಿಸಿ ಕೊಟ್ಟರೆ ಅದರ ಪುಣ್ಯ ಯಾರದು?

ಸರಕಾರಗಳ ಪಾಲೂ ಇದೆ. ದೇಶದ ಒಟ್ಟು ಉತ್ಪನ್ನದ ಶೇಕಡಾ 2.5ರಷ್ಟನ್ನು 2025ರೊಳಗೆ ಆರೋಗ್ಯಕ್ಕೆ ವ್ಯಯಿಸುವ ಗುರಿಯನ್ನು 2017ರ ರಾಷ್ಟ್ರೀಯ ಆರೋಗ್ಯ ನೀತಿ ಇಟ್ಟುಕೊಂಡಿತ್ತು. ಕೊರೋನಾದ ಕಾಲವಾಗಿದ್ದ 2021-22ರಲ್ಲಿಯೂ ಸರಕಾರಗಳ ಒಟ್ಟು ವೆಚ್ಚ ಶೇಕಡಾ 1.84 ಮಾತ್ರ. ಆ ವರ್ಷ ಚಿಕಿತ್ಸೆಯ ಒಟ್ಟು ವೆಚ್ಚದಲ್ಲಿ ಶೇಕಡಾ 39ಕ್ಕಿಂತ ಹೆಚ್ಚನ್ನು ಜನರು ತಮ್ಮ ಜೇಬಿನಿಂದಲೇ ತೆತ್ತಿದ್ದಾರೆ. ಖಾಲಿ ಹುದ್ದೆಗಳನ್ನು ತುಂಬದೆ, ಗುತ್ತಿಗೆಯ ಮೇಲೆ ಜನರನ್ನು ನೇಮಿಸಿ, ಹೊಸ ಕಟ್ಟಡಕ್ಕೆ ರಿಬ್ಬನ್ ಕತ್ತರಿಸಿದ ಮಾತ್ರಕ್ಕೆ ಆಸ್ಪತ್ರೆ ನಡೆಯುವುದಿಲ್ಲ. ಮತ ಕೇಳಲು ಬಂದವರೊಂದಿಗೆ ರಸ್ತೆ, ಚರಂಡಿಯ ವಿಷಯ ಮಾತನಾಡುವ ನಾವು, ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಎಷ್ಟು ದಾದಿಯರ ಹುದ್ದೆ ಖಾಲಿಯಿದೆ ಎಂದು ಎಂದಾದರೂ ಕೇಳಿದ್ದೇವೆಯೇ?

ಬೆನ್ನ ಮೇಲಿನ ಹೆಸರು

2020ರ ದಿನಗಳನ್ನು ನೀವು ಮರೆತಿರಲಾರಿರಿ. ಮಾರ್ಚ್ 22ರಂದು ದೇಶದ ಜನರು ನಮಗಾಗಿ ಚಪ್ಪಾಳೆ ತಟ್ಟಿದರು, ತಟ್ಟೆ ಬಾರಿಸಿದರು. ಕೆಲವೇ ದಿನಗಳಲ್ಲಿ ಹಲವೆಡೆ ಮನೆ ಮಾಲೀಕರು ದಾದಿಯರಿಗೆ ಬಾಡಿಗೆ ಮನೆ ಖಾಲಿ ಮಾಡುವಂತೆ ಹೇಳಿದರು. ಸಿಬ್ಬಂದಿಯ ಮೇಲೆ ಹಲ್ಲೆಗಳಾದವು. ಏಪ್ರಿಲ್ 22ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆರೋಗ್ಯ ಕಾರ್ಯಕರ್ತೆಯರನ್ನು ಬೆದರಿಸಿ ಓಡಿಸಿದ ಕೆಲವು ಘಟನೆಗಳು ನಮ್ಮ ಮೊಹಲ್ಲಾಗಳಲ್ಲೂ ನಡೆದವು ಎಂಬ ಕಹಿ ಸತ್ಯವನ್ನು ಮುಚ್ಚಿಡಬೇಕಾಗಿಲ್ಲ. ಅದೇ ವೇಳೆಗೆ ಕೆಲವು ಮಾಧ್ಯಮಗಳು ರೋಗಕ್ಕೆ ನಮ್ಮ ಸಮುದಾಯದ ಹೆಸರನ್ನೇ ಅಂಟಿಸಿದವು.

ಆಗ ನಾವು ತಲೆಯಿಂದ ಕಾಲಿನವರೆಗೆ ಮುಚ್ಚುವ ರಕ್ಷಣಾ ಉಡುಪಿನಲ್ಲಿ ಗಂಟೆಗಟ್ಟಲೆ ಹನಿ ನೀರು ಕುಡಿಯದೆ ದುಡಿಯುತ್ತಿದ್ದೆವು. ಒಳಗೆ ಇರುವವರು ಯಾರೆಂದು ಗುರುತಾಗುತ್ತಿರಲಿಲ್ಲವಾದ್ದರಿಂದ ಬೆನ್ನ ಮೇಲೆ, ಎದೆಯ ಮೇಲೆ ಮಾರ್ಕರ್‌ನಿಂದ ಹೆಸರು ಬರೆದುಕೊಳ್ಳುತ್ತಿದ್ದೆವು. ನನ್ನ ಹೆಸರನ್ನು ರೋಗಿಗಳು ಓದುತ್ತಿದ್ದರು. ಅದು ಯಾವ ಸಮುದಾಯದ ಹೆಸರೆಂದು ಅವರಿಗೆ ತಿಳಿಯುತ್ತಿತ್ತು. ಓದಿದ ಬಳಿಕವೂ ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಟಿವಿಯಲ್ಲಿ ನಡೆದ ಯಾವ ಚರ್ಚೆಗೂ ಆ ಹಿಡಿತವನ್ನು ಸಡಿಲಿಸಲಾಗಲಿಲ್ಲ. ಹತ್ತಿರದವರೇ ಮುಟ್ಟಲು ಹೆದರಿದ ಶವಗಳ ಅಂತ್ಯಸಂಸ್ಕಾರವನ್ನು ಆ ಕಾಲದಲ್ಲಿ ನಮ್ಮ ಯುವಕರು ಜಾತಿ ಧರ್ಮ ನೋಡದೆ ನೆರವೇರಿಸಿದರು. ಸಮುದಾಯದ ಮೇಲಿನ ಅಪವಾದಕ್ಕೆ ಉತ್ತರ ಕೊಟ್ಟದ್ದು ಈ ಸೇವೆ. ನೂರು ಪತ್ರಿಕಾ ಹೇಳಿಕೆಗಳಿಂದ ಅದು ಸಾಧ್ಯವಾಗುತ್ತಿರಲಿಲ್ಲ.

ನಮ್ಮದೇ ಪರಂಪರೆ

ಶುಶ್ರೂಷೆ ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲ ಎನ್ನುವವರು ಇತಿಹಾಸವನ್ನು ಓದಲಿ. ಮದೀನಾದಲ್ಲಿ ರುಫೈದಾ ಅಲ್ ಅಸ್ಲಮಿಯ್ಯಾ(ರ) ಗಾಯಾಳುಗಳ ಆರೈಕೆಗೆ ಹೆಸರಾಗಿದ್ದರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಇರಿಸಿದ್ದು ಪ್ರವಾದಿಯವರ(ಸ) ಮಸೀದಿಯ ಆವರಣದಲ್ಲಿದ್ದ ಡೇರೆಯಲ್ಲಿ. ಚಿಕಿತ್ಸೆಯ ಡೇರೆಗೆ ಮಸೀದಿಯ ಆವರಣದಲ್ಲೇ ಸ್ಥಳವಿತ್ತು, ಅದರ ಆರೈಕೆ ಒಬ್ಬ ಮಹಿಳೆಯ ಕೈಯಲ್ಲಿತ್ತು. ಉಮ್ಮು ಅತಿಯ್ಯಾ(ರ) ಏಳು ದಂಡಯಾತ್ರೆಗಳಲ್ಲಿ ಜೊತೆಗಿದ್ದು ಆಹಾರ ಸಿದ್ಧಪಡಿಸುವ, ಗಾಯಾಳುಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದರು. ಆಧುನಿಕ ಶುಶ್ರೂಷೆಯ ಜನನಿ ಎನಿಸಿದ ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ ಇಸ್ತಾಂಬೂಲಿನ ಸ್ಕುಟಾರಿಗೆ ಬರುವುದಕ್ಕೆ ಹನ್ನೆರಡು ಶತಮಾನಗಳಿಗೂ ಹಿಂದಿನ ಮಾತಿದು.

ಮುಂದೆ ದಮಾಸ್ಕಸ್‌ನಲ್ಲಿ 1154ರಲ್ಲಿ ನೂರುದ್ದೀನರ ಬೀಮಾರಿಸ್ತಾನ, ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನರ ಮನ್ಸೂರಿ ಬೀಮಾರಿಸ್ತಾನ ತಲೆಯೆತ್ತಿದವು. ಅವು ವಕ್ಫ್ ಆಸ್ತಿಯ ಆದಾಯದಿಂದ ನಡೆಯುತ್ತಿದ್ದವು. ಕೈರೋದ ಆಸ್ಪತ್ರೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ವಿಭಾಗಗಳಿದ್ದವು, ಆಯಾ ವಿಭಾಗಕ್ಕೆ ಆಯಾ ಸೇವಕ ಸೇವಕಿಯರಿದ್ದರು. ಅಂದರೆ ಹೆಂಗಸರನ್ನು ಹೆಂಗಸರೇ ನೋಡಬೇಕೆಂದು ಬಯಸಿದ ಆ ಸಮಾಜ, ಅದಕ್ಕಾಗಿ ತನ್ನ ಹೆಂಗಸರನ್ನು ಸಿದ್ಧಗೊಳಿಸಿಯೂ ಇತ್ತು. ನಾವು ಬಯಕೆಯನ್ನು ಉಳಿಸಿಕೊಂಡು ಸಿದ್ಧತೆಯನ್ನು ಕೈಬಿಟ್ಟಿದ್ದೇವೆ.

ಕೇರಳದ ಮತ್ತು ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳು ಬಹಳ ಹಿಂದೆಯೇ ತಮ್ಮ ಹೆಣ್ಣುಮಕ್ಕಳನ್ನು ಈ ಕ್ಷೇತ್ರಕ್ಕೆ ಕಳುಹಿಸಿದವು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಸೇವೆ ಇಂದು ದೊಡ್ಡ ಆಸ್ಪತ್ರೆಯಾಗಿ, ನರ್ಸಿಂಗ್ ಕಾಲೇಜಾಗಿ ನಿಂತಿದೆ. ನಮ್ಮ ಹೆರಿಗೆಗಳನ್ನು ಮಾಡಿಸಿದವರು, ನಮ್ಮ ಹಿರಿಯರ ಹುಣ್ಣನ್ನು ತೊಳೆದವರು ಹೆಚ್ಚಾಗಿ ಆ ಮನೆಗಳ ಹೆಣ್ಣುಮಕ್ಕಳೇ. ಈ ಋಣವನ್ನು ಒಪ್ಪಿಕೊಳ್ಳುವುದು ಕೃತಜ್ಞತೆ. ಎಂದೆಂದಿಗೂ ಅದರಲ್ಲೇ ಬದುಕುವುದು ನಾಚಿಕೆಗೇಡು.

ಹುಡುಗಿಯರು ಈಗ ಓದುತ್ತಿದ್ದಾರೆ. 2022ರಲ್ಲಿ ಶಿರವಸ್ತ್ರದ ಹೆಸರಿನಲ್ಲಿ ಪಿಯು ಕಾಲೇಜುಗಳ ಬಾಗಿಲು ಮುಚ್ಚಿದಾಗ ಅನೇಕರ ಓದು ತುಂಡಾಯಿತು. ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಯನ್ನೂ ಕಳೆದುಕೊಂಡವರಿದ್ದರು. ಆ ಅನ್ಯಾಯದ ವಿರುದ್ಧ ನಾವು ಧ್ವನಿಯೆತ್ತಿದೆವು. ಆದರೆ ಕಾಲೇಜಿನ ಬಾಗಿಲು ಹೊರಗಿನವರು ಮುಚ್ಚಿದಾಗ ಆಕ್ರೋಶಗೊಳ್ಳುವ ನಾವು, ಓದು ಮುಗಿಸಿದ ಮಗಳಿಗೆ ದುಡಿಮೆಯ ಬಾಗಿಲನ್ನು ಮನೆಯೊಳಗಿನಿಂದ ಮುಚ್ಚಿದರೆ ಅದನ್ನು ಏನೆಂದು ಕರೆಯಬೇಕು?

ನವಜಾತ ಶಿಶುಗಳ ಘಟಕದಲ್ಲಿ ನನ್ನೊಂದಿಗೆ ದುಡಿದ ಒಬ್ಬ ಹೆಣ್ಣುಮಗಳಿದ್ದಳು. ಒಂದೂಕಾಲು ಕಿಲೋ ತೂಕದ ಮಗುವಿನ ನೂಲಿನಂತಹ ರಕ್ತನಾಳಕ್ಕೆ ಒಂದೇ ಸಲಕ್ಕೆ ಸೂಜಿ ಹಾಕುವ ಕೈ ಅವಳದು. ಎಲ್ಲರ ಕೈ ಸೋತಾಗ ವೈದ್ಯರು ಅವಳನ್ನು ಕರೆಯುತ್ತಿದ್ದರು. ನಿಕಾಹ್ ನಿಶ್ಚಯವಾದಾಗ ವರನ ಕಡೆಯವರು ಇಟ್ಟ ಷರತ್ತು ಒಂದೇ: ಕೆಲಸ ಬಿಡಬೇಕು. ಅವಳು ಬಿಟ್ಟಳು. ಅವಳ ಬದುಕು ಸುಖವಾಗಿದೆ, ಅಲ್ಹಮ್ದುಲಿಲ್ಲಾಹ್. ಆದರೆ ಐದು ವರ್ಷಗಳ ಅಭ್ಯಾಸದಿಂದ ಹದಗೊಂಡ ಆ ಕೈ ಆಸ್ಪತ್ರೆಗೆ ಇಲ್ಲವಾಯಿತು. ಅದರ ನಷ್ಟವನ್ನು ಯಾವ ಮಗು ಭರಿಸಿತೋ ಅಲ್ಲಾಹನೇ ಬಲ್ಲ. ಮನೆಯಲ್ಲಿರುವುದು ಅವಳದೇ ಆಯ್ಕೆಯಾಗಿದ್ದರೆ ನಾನು ಗೌರವಿಸುತ್ತಿದ್ದೆ. ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ ಎಂಬುದೇ ನನ್ನ ನೋವು.

ನಾವೇನು ಮಾಡಬಹುದು?

ಮೊದಲನೆಯದಾಗಿ, ರೋಗಿಯ ಸಂದರ್ಶನದ ಸುನ್ನತ್ತನ್ನು ಅದರ ಶಿಷ್ಟಾಚಾರದೊಂದಿಗೆ ಪಾಲಿಸೋಣ. ಹತ್ತು ಜನ ಒಟ್ಟಿಗೆ ಹೋಗಿ ಹಾಸಿಗೆಯ ಮೇಲೆ ಕುಳಿತು ಊರ ಸುದ್ದಿ ಹರಟಿದರೆ ರೋಗಿಗೆ ಆಯಾಸ, ಪಕ್ಕದವರಿಗೆ ಕಿರುಕುಳ, ಸೋಂಕಿಗೆ ಸುಲಭ ದಾರಿ. ಕೈ ತೊಳೆದು ಹೋಗಿ, ದುಆ ಮಾಡಿ, ಬೇಗ ಹೊರಡಿ. ದಿನಕ್ಕೆ ಐದು ಸಲ ವುಝೂ ಮಾಡುವ ನಮಗೆ ಕೈ ತೊಳೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಎರಡನೆಯದಾಗಿ, ರಕ್ತ ಕೊಡಿ. ಮೊಗಸಾಲೆಯಲ್ಲಿ ಹನ್ನೆರಡು ಗಂಡಸರು ನಿಂತಿರುತ್ತಾರೆ, ರಕ್ತ ಬೇಕೆಂದಾಗ ಒಬ್ಬೊಬ್ಬರೇ ಫೋನ್ ಹಿಡಿದು ಹೊರಗೆ ಹೋಗುತ್ತಾರೆ. 18ರಿಂದ 65ರ ವಯಸ್ಸಿನ ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತದಾನ ಮಾಡಬಹುದು. ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರ್ ಮಾತ್ರ. ಕೆಂಪು ರಕ್ತಕಣಗಳು ಐದಾರು ವಾರ ಉಳಿಯುತ್ತವೆ. ಪ್ಲೇಟ್‌ಲೆಟ್‌ಗಳು ಐದು ದಿನ ಮಾತ್ರ. ಆದ್ದರಿಂದ ವರ್ಷಕ್ಕೊಂದು ಶಿಬಿರ ಸಾಲದು, ಪ್ರತಿ ಜಮಾಅತಿನಲ್ಲಿ ಕರೆದಾಗ ಬರುವ ದಾನಿಗಳ ಪಟ್ಟಿ ಇರಬೇಕು.

ಮೂರನೆಯದಾಗಿ, ಸಮುದಾಯದ ಸಂಸ್ಥೆಗಳು ನರ್ಸಿಂಗ್, ಪ್ರಯೋಗಾಲಯ ತಂತ್ರಜ್ಞಾನ, ಅರಿವಳಿಕೆ ತಂತ್ರಜ್ಞಾನ, ಡಯಾಲಿಸಿಸ್‌ನಂತಹ ಕೋರ್ಸುಗಳಿಗೂ ವಿದ್ಯಾರ್ಥಿವೇತನ ನೀಡಲಿ. ವೈದ್ಯ ಮತ್ತು ಇಂಜಿನಿಯರ್ ಆಗುವವರನ್ನು ಮಾತ್ರ ವೇದಿಕೆಗೆ ಕರೆದು ಶಾಲು ಹೊದಿಸುವುದು ಸಾಕು. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಇದೆ, ಮೂರು ವರ್ಷದ ಜಿ.ಎನ್.ಎಂ. ಇದೆ. ಗಂಡುಮಕ್ಕಳಿಗೂ ಇಲ್ಲಿ ಸ್ಥಳವಿದೆ. ಗಂಡಸರ ವಾರ್ಡುಗಳಿಗೆ ಒಳ್ಳೆಯ ಶುಶ್ರೂಷಕರ ಅಗತ್ಯ ಬಹಳವಿದೆ.

ನಾಲ್ಕನೆಯದಾಗಿ, ಆಸ್ಪತ್ರೆ ನಡೆಸುವ ನಮ್ಮ ಹಿರಿಯರು ದಾದಿಯರಿಗೆ ಮತ್ತು ಆಯಾಗಳಿಗೆ ನ್ಯಾಯವಾದ ವೇತನ, ನಮಾಝಿಗೆ ಮತ್ತು ವಿಶ್ರಾಂತಿಗೆ ಭದ್ರವಾದ ಕೋಣೆ, ರಾತ್ರಿ ವಾಹನ ಒದಗಿಸಿ ಮಾದರಿಯಾಗಲಿ. ಆಗ ಹೆಣ್ಣುಮಕ್ಕಳ ತಂದೆಯಂದಿರಿಗೆ ಬೇರೆ ಭರವಸೆ ಕೊಡಬೇಕಾಗುವುದಿಲ್ಲ.

ಕೊನೆಯದಾಗಿ, ಸೊಸೆಯನ್ನು ಹುಡುಕುತ್ತಿರುವ ತಾಯಂದಿರಿಗೆ ಒಂದು ಮಾತು. ದಾದಿಯೊಬ್ಬಳ ಸಂಬಂಧ ಬಂದರೆ ಅವಳ ಪಾಳಿಯನ್ನು ಲೆಕ್ಕ ಹಾಕುವ ಮುನ್ನ ಅವಳ ಕೈಯನ್ನು ನೋಡಿ. ಅಪರಿಚಿತರ ವಾಂತಿಯನ್ನು ಒರೆಸಿದ, ಕಲಿಮಾ ಹೇಳಿಕೊಟ್ಟು ಕಣ್ಣು ಮುಚ್ಚಿದ, ಆಗತಾನೇ ಹುಟ್ಟಿದ ಮಗುವನ್ನು ಬಟ್ಟೆಯಲ್ಲಿ ಸುತ್ತಿದ ಕೈ ಅದು. ನಿಮ್ಮ ಮುಪ್ಪಿನಲ್ಲಿ ನಿಮ್ಮ ಮನೆಯಲ್ಲಿ ಇರಬೇಕಾದ ಕೈಯೂ ಅದೇ.

ಒಂದು ಜೀವವನ್ನು ಉಳಿಸುವುದರ ಮಹತ್ವವನ್ನು ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದ 32ನೇ ಸೂಕ್ತ ನಮಗೆ ತಿಳಿಸಿಕೊಟ್ಟಿದೆ. ಆ ಸೂಕ್ತವನ್ನು ಚೌಕಟ್ಟು ಹಾಕಿ ಆಸ್ಪತ್ರೆಗಳ ಗೋಡೆಯಲ್ಲಿ ತೂಗುಹಾಕುವುದನ್ನು ನಾವು ಕಲಿತಿದ್ದೇವೆ. ಅದನ್ನು ತಮ್ಮ ದುಡಿಮೆಯಾಗಿ ಸ್ವೀಕರಿಸುವ ಮಕ್ಕಳನ್ನು ಬೆಳೆಸುವುದನ್ನು ಇನ್ನು ಕಲಿಯಬೇಕು. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಅವರ ಸೇವೆಯಲ್ಲಿ ಎಚ್ಚರವಿರುವ ಎಲ್ಲ ಕೈಗಳಿಗೆ ಬಲ ನೀಡಲಿ, ಅವರಿಗೆ ನ್ಯಾಯ ಸಲ್ಲಿಸುವ ಮನಸ್ಸನ್ನು ನಮಗೆ ಕರುಣಿಸಲಿ. ಆಮೀನ್.